ಬಿಷಪ್ ರಿಚರ್ಡ್ ಅಲೆನ್ನನೂ ಬೇತೇಲ್ ದೇವಾಲಯವೂ

ಅಮೆರಿಕದ ಚರಿತ್ರೆಯನ್ನು ಓದುವ ವಿದ್ಯಾರ್ಥಿಗೆ ಫಿಲಡೆಲ್ಫಿಯ ನಗರದ ಹೆಸರು ಎರಡು ಸಲವಾದರೂ ಎದುರಾಗದೆ ಇರುವುದಿಲ್ಲ. 1776ರಲ್ಲಿ ಸ್ವಾತಂತ್ರ್ಯ ಘೋಷಣೆ ಹೊರಟದ್ದು ಅಲ್ಲಿಂದ; 1787ರಲ್ಲಿ ಸಂವಿಧಾನವು ರಚಿತವಾದುದೂ ಅಲ್ಲಿಯೇ. ಪರೀಕ್ಷೆಗೆಂದು ಈ ಎರಡು ಇಸವಿಗಳನ್ನು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಆದರೆ ಅದೇ 1787ರ ಏಪ್ರಿಲ್ 12ರಂದು, ಸಂವಿಧಾನ ಸಭೆ ಕೂಡುವುದಕ್ಕೆ ಒಂದು ತಿಂಗಳಿಗಿಂತ ತುಸು ಮೊದಲು, ಅದೇ ನಗರದಲ್ಲಿ ಕೆಲವು ಮಂದಿ ಕರಿಯರು ಒಂದೆಡೆ ಸೇರಿ ತಮ್ಮದೇ ಆದ ಒಂದು ಸಂಘವನ್ನು ಕಟ್ಟಿದರು. ಕಾಯಿಲೆಯವರಿಗೆ, ವಿಧವೆಯರಿಗೆ, ತಬ್ಬಲಿ ಮಕ್ಕಳಿಗೆ ತಮ್ಮ ಕೈಯಿಂದಲೇ ನಾಲ್ಕು ಕಾಸು ಕೂಡಿಸಿ ನೆರವಾಗುವುದು ಅದರ ಉದ್ದೇಶ. ಅದಕ್ಕೆ 'ಸ್ವತಂತ್ರ ಆಫ್ರಿಕನರ ಸಂಘ' ಎಂದು ಹೆಸರಿಟ್ಟರು. ಅದನ್ನು ಹುಟ್ಟುಹಾಕಿದ ಮುಖ್ಯರು ಇಬ್ಬರು: ಒಬ್ಬನು ಆಬ್ಸಲಮ್ ಜೋನ್ಸ್, ಇನ್ನೊಬ್ಬನು ರಿಚರ್ಡ್ ಅಲೆನ್. ಈ ಎರಡನೆಯವನ ಜೀವನವನ್ನು ನನಗೆ ತಿಳಿದಮಟ್ಟಿಗೆ ಹೇಳಬೇಕೆಂದಿದ್ದೇನೆ. ಹೇಳಹೊರಟರೆ ಅದು ಒಬ್ಬನ ಜೀವನವಾಗಿ ಮಾತ್ರ ಉಳಿಯುವುದಿಲ್ಲ. ಕ್ರೈಸ್ತರು ದೇವರನ್ನು ಆರಾಧಿಸಲು ಕೂಡುವ ಜನಸಮೂಹವನ್ನು 'ಸಭೆ' ಎನ್ನುತ್ತಾರಷ್ಟೆ. ಅಂಥ ಒಂದು ಬಡ ಸಭೆಯು ತನಗೆಂದು ಒಂದು ದೇವಾಲಯವನ್ನು ಕಟ್ಟಿಕೊಂಡು, ಕಟ್ಟಿದ್ದನ್ನು ಕೈಬಿಡದೆ ಇಪ್ಪತ್ತು ವರ್ಷಕ್ಕೂ ಮೀರಿ ಹೋರಾಡಿ ಉಳಿಸಿಕೊಂಡ ಕಥೆಯಾಗುತ್ತದೆ.

ಅಲೆನ್ನನು 1760ರ ಫೆಬ್ರವರಿ 14ರಂದು ಗುಲಾಮನಾಗಿ ಹುಟ್ಟಿದನು. ಒಡೆಯನ ಹೆಸರು ಬೆಂಜಮಿನ್ ಚ್ಯೂ. ಫಿಲಡೆಲ್ಫಿಯದ ಹೆಸರಾಂತ ವಕೀಲ, ಮುಂದೆ ಪೆನ್ಸಿಲ್ವೇನಿಯದ ಮುಖ್ಯ ನ್ಯಾಯಾಧೀಶನೂ ಆದವನು. ಹುಡುಗನಿಗೆ ಎಂಟು ವರ್ಷ ಆಗುವ ಹೊತ್ತಿಗೆ ಚ್ಯೂ ಆ ಸಂಸಾರವನ್ನೇ ಡೆಲವೇರ್ ಪ್ರಾಂತದ ಸ್ಟೋಕ್ಲಿ ಸ್ಟರ್ಜಿಸ್ ಎಂಬ ಬೇಸಾಯಗಾರನಿಗೆ ಮಾರಿದನು. ಸ್ಟರ್ಜಿಸ್ ಕ್ರೂರಿಯಲ್ಲ. ಅಲೆನ್ನನು ಮುದಿತನದಲ್ಲಿ ಬರೆಸಿದ ಆತ್ಮಚರಿತ್ರೆಯಲ್ಲಿ ಅವನನ್ನು ಮೃದು ಹೃದಯದವನೆಂದೇ ನೆನೆದಿದ್ದಾನೆ. ಆದರೆ ಸಾಲ ಮೈಮೇಲೆ ಬಂದಾಗ ಮೃದು ಹೃದಯದ ಒಡೆಯನೂ ಮೊದಲು ಮಾರುವುದು ದನಕರುಗಳನ್ನೋ ಗುಲಾಮರನ್ನೋ. ಒಂದು ದಿನ ಅಲೆನ್ನನ ತಾಯಿಯೂ ಒಡಹುಟ್ಟಿದವರಲ್ಲಿ ಮೂವರೂ ಮಾರಾಟವಾಗಿ ಹೋದರು. ಉಳಿದವರು ರಿಚರ್ಡನೂ ಅವನ ಅಣ್ಣನೂ ಒಬ್ಬ ಅಕ್ಕನೂ.

ಆ ಕಾಲದಲ್ಲಿ ಮೆಥೊಡಿಸ್ಟ್ ಪಂಥದ ಉಪದೇಶಿಗಳು ಕುದುರೆಯೇರಿ ಊರೂರು ಸುತ್ತುತ್ತಿದ್ದರು. ಅವರದು ಪಂಡಿತರ ಬೋಧೆಯಲ್ಲ. ಮರದ ಕೆಳಗೆ, ಕಣದಲ್ಲಿ, ಯಾರದೋ ಅಡುಗೆಮನೆಯಲ್ಲಿ ನಿಂತು ಎಲ್ಲರಿಗೂ ಅರ್ಥವಾಗುವಂತೆ ಆಡುವ ಮಾತು. ಅವರಲ್ಲಿ ಅನೇಕರು ಗುಲಾಮಗಿರಿಯು ಪಾಪವೆಂದು ಬಹಿರಂಗವಾಗಿ ಸಾರುತ್ತಲೂ ಇದ್ದರು. ಹದಿನೇಳರ ವಯಸ್ಸಿನಲ್ಲಿ ಅಲೆನ್ನನು ಅವರ ಮಾತಿಗೆ ಮನಸೋತು ಮೆಥೊಡಿಸ್ಟ್ ಆದನು. ಧರ್ಮ ಹತ್ತಿದ ಗುಲಾಮನು ಕೆಲಸಗಳ್ಳನಾಗುತ್ತಾನೆಂದು ನೆರೆಹೊರೆಯ ಒಡೆಯರು ಸ್ಟರ್ಜಿಸನಿಗೆ ಹೇಳುತ್ತಿದ್ದರಂತೆ. ಇದನ್ನು ಕೇಳಿ ಅಣ್ಣತಮ್ಮಂದಿರಿಬ್ಬರೂ ಒಂದು ನಿರ್ಧಾರ ಮಾಡಿಕೊಂಡರು: ಹೊಲದ ಕೆಲಸ ಹಿಂದೆ ಬಿದ್ದರೆ ಪ್ರಾರ್ಥನೆಗೆ ಹೋಗುವುದನ್ನು ಬಿಟ್ಟಾದರೂ ಅದನ್ನು ಮುಗಿಸುವುದು. ಹೀಗಾಗಿ ಕೊನೆಗೆ ಸ್ಟರ್ಜಿಸನೇ, ಧರ್ಮದಿಂದ ಗುಲಾಮನು ಕೆಡುವುದಿಲ್ಲ, ಒಳ್ಳೆಯವನಾಗುತ್ತಾನೆ ಎಂದು ಒಪ್ಪಬೇಕಾಯಿತು. ಅಷ್ಟೇ ಅಲ್ಲ, ಫ್ರೀಬಾರ್ನ್ ಗ್ಯಾರೆಟ್ಸನ್ ಎಂಬ ಉಪದೇಶಿ ಅವನ ಮನೆಗೇ ಬಂದು ಬೋಧಿಸಿದ ದಿನ, ಮನುಷ್ಯರನ್ನು ಒಡೆತನದಲ್ಲಿಟ್ಟುಕೊಳ್ಳುವುದು ತಪ್ಪೆಂಬ ಅರಿವು ಅವನಿಗೇ ಮೂಡಿತು. ಹಾಗೆಂದು ಅವನು ಸುಮ್ಮನೆ ಬಿಟ್ಟುಬಿಡಲಿಲ್ಲ. ಅರಿವು ಬಂದರೂ ಸಾಲ ಹೋಗಿರಲಿಲ್ಲವಷ್ಟೆ. ಬೆಳ್ಳಿ ಬಂಗಾರದಲ್ಲಿ 60 ಪೌಂಡು, ಇಲ್ಲವೆ ಯುದ್ಧಕಾಲದ ಕಾಗದದ ನಾಣ್ಯದಲ್ಲಿ 2000 ಡಾಲರು ತೆತ್ತರೆ ಬಿಡುಗಡೆ ಎಂದು ಒಪ್ಪಂದವಾಯಿತು. ಇದು 1780ರ ಮಾತು.

ಮೊದಲ ದಿನ ಸೌದೆ ಕಡಿದು ಬಂದಾಗ ಅವನ ಅಂಗೈಯೆಲ್ಲ ಬೊಕ್ಕೆಯೆದ್ದು ಬೆರಳು ಮಡಿಸಲು ಬರುತ್ತಿರಲಿಲ್ಲ. ಗುಲಾಮಗಿರಿಯಲ್ಲಿ ಬೆವರು ಸುರಿಸಿದವನೇ. ಆದರೂ ಕೊಡಲಿಯ ಕೆಲಸ ಹೊಸದು. ಕೆಲವೇ ದಿನಗಳಲ್ಲಿ ಕೈ ಪಳಗಿತು. ಸೌದೆ ಕಡಿದನು, ಇಟ್ಟಿಗೆಯ ಭಟ್ಟಿಯಲ್ಲಿ ದುಡಿದನು, ಯುದ್ಧದ ಕಾಲದಲ್ಲಿ ಉಪ್ಪಿನ ಬಂಡಿ ಹೊಡೆದನು. ಬಂಡಿ ನಿಲ್ಲುವ ತಾಣಗಳಲ್ಲಿ ನಿಂತು ಉಪದೇಶವನ್ನೂ ಮಾಡಿದನು. ಗಡುವಿಗೆ ಮುಂಚೆಯೇ, 1783ರಲ್ಲಿ, ಪೂರಾ ಹಣ ತೀರಿಸಿ ಸ್ವತಂತ್ರನಾದನು. ಅಲ್ಲಿಯವರೆಗೆ ಕಾಗದಪತ್ರಗಳಲ್ಲಿ ಅವನಿಗೆ ರಿಚರ್ಡ್ ಎಂಬ ಒಂದೇ ಹೆಸರು. ಅಲೆನ್ ಎಂಬುದು ಬಿಡುಗಡೆಯ ಮೇಲೆ ಅವನೇ ಇಟ್ಟುಕೊಂಡದ್ದು.

ಇದಾದ ಮೇಲೆ ಕೆಲವು ವರ್ಷ ಅವನು ಡೆಲವೇರ್, ನ್ಯೂಜೆರ್ಸಿ, ಪೆನ್ಸಿಲ್ವೇನಿಯ, ಮೇರಿಲೆಂಡ್‌ಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗುತ್ತ ಉಪದೇಶಿಸಿದನು. ಕೈಯಲ್ಲಿ ಕಾಸು ಮುಗಿದರೆ ಒಂದೆರಡು ವಾರ ನಿಂತು ಕೂಲಿ ಮಾಡುವುದು, ಮತ್ತೆ ಹೊರಡುವುದು. ಅಮೆರಿಕದ ಮೆಥೊಡಿಸ್ಟರ ಬಿಷಪ್ ಫ್ರಾನ್ಸಿಸ್ ಆಸ್ಬರಿಯು ಇವನ ಶಕ್ತಿಯನ್ನು ಕಂಡು, ತನ್ನ ಜೊತೆ ದಕ್ಷಿಣ ಪ್ರಾಂತಗಳಿಗೆ ಬರಬೇಕೆಂದು ಕರೆದನು. ದೊಡ್ಡ ಗೌರವವೇ ಸರಿ. ಆದರೆ ಷರತ್ತುಗಳಿದ್ದವು. ಅಲ್ಲಿ ಗುಲಾಮರೊಡನೆ ಬೆರೆಯಕೂಡದು. ಬಿಷಪ್ಪನು ಮನೆಯೊಳಗೆ ಇಳಿದುಕೊಂಡಾಗ ಇವನು ಗಾಡಿಯಲ್ಲಿ ಮಲಗಬೇಕಾದೀತು. ಸಂಬಳ ಊಟ ಬಟ್ಟೆ ಮಾತ್ರ. ಕಾಯಿಲೆ ಬಿದ್ದರೆ ತನ್ನನ್ನು ನೋಡುವವರು ಯಾರು ಎಂದು ಅಲೆನ್ನನು ಕೇಳಿದನು. ಮುಪ್ಪಿಗೆ ನಾಲ್ಕು ಕಾಸು ಕೂಡಿಡಬೇಕಾದುದು ಮನುಷ್ಯನ ಕರ್ತವ್ಯವೆಂದೂ ಹೇಳಿದನು. ಹೋಗಲಿಲ್ಲ. ನೆನ್ನೆ ಮೊನ್ನೆ ಬಿಡುಗಡೆ ಹೊಂದಿದ ಇಪ್ಪತ್ತೈದರ ತರುಣನು ಬಿಷಪ್ಪನಿಗೆ ಇಲ್ಲವೆಂದದ್ದು ಸಣ್ಣ ಮಾತಲ್ಲ. ಅವನ ಚರಿತ್ರೆಯಲ್ಲಿ ನನಗೆ ಮೊದಲು ಮೆಚ್ಚಿಗೆಯಾದ ಸಂಗತಿ ಇದು. ಆಸ್ಬರಿಯ ಮೇಲೆ ಅವನಿಗೆ ಹಗೆಯೇನೂ ಇರಲಿಲ್ಲ. ಅವರ ಸ್ನೇಹ ಕಡೆಯವರೆಗೂ ಉಳಿಯಿತು.

1786ರಲ್ಲಿ ಅವನನ್ನು ಫಿಲಡೆಲ್ಫಿಯದ ಸೇಂಟ್ ಜಾರ್ಜ್ ಚರ್ಚಿಗೆ ಕರೆಸಿದರು. ಕರಿಯರಿಗೆ ಬೋಧಿಸುವ ಕೆಲಸ, ಅದೂ ಬೆಳಗಿನ ಜಾವ ಐದು ಗಂಟೆಗೆ. ಒಂದೆರಡು ವಾರ ಇರೋಣವೆಂದು ಬಂದವನು ಅಲ್ಲಿಯೇ ನಿಂತನು. ಬೀದಿಯ ಬಯಲಿನಲ್ಲಿ, ಊರ ಹೊರಗಿನ ಗುಡಿಸಲುಗಳಲ್ಲಿ ದಿನಕ್ಕೆ ನಾಲ್ಕೈದು ಸಲ ಬೋಧಿಸಿ 42 ಮಂದಿಯ ಒಂದು ಗುಂಪನ್ನು ಕೂಡಿಸಿದನು. ಜೀವನಕ್ಕೆ ಮೆಟ್ಟು ಹೊಲಿಯುವ ಕೆಲಸ. ಮನೆಗಳ ಚಿಮಣಿ ಗುಡಿಸುವ ಕೆಲಸ. ಆಗಲೇ ಅವನಿಗೆ, ಈ ಜನಕ್ಕೆ ಬೇರೆಯೇ ಒಂದು ದೇವಾಲಯ ಬೇಕು ಎಂಬ ಯೋಚನೆ ಬಂದಿತು. ನಗರದ ಅನುಕೂಲಸ್ಥ ಕರಿಯರ ಮುಂದೆ ಇದನ್ನಿಟ್ಟರೆ ಅವರು ಬೇಡವೆಂದರು. ಒಪ್ಪಿದವರು ಮೂವರೇ: ಆಬ್ಸಲಮ್ ಜೋನ್ಸ್, ವಿಲಿಯಂ ವೈಟ್, ಡೋರಸ್ ಗಿನ್ನಿಂಗ್ಸ್. ಚರ್ಚಿನ ಬಿಳಿಯ ಹಿರಿಯನೊಬ್ಬನು ಈ ಮಾತು ಕೇಳಿ ಬಿರುನುಡಿಗಳಿಂದ ಅವರನ್ನು ಬೈದನು.

ಬೈಗುಳದಿಂದ ಆಗದ ಕೆಲಸ ಒಂದು ಭಾನುವಾರದಿಂದ ಆಯಿತು. ಸೇಂಟ್ ಜಾರ್ಜ್ ಚರ್ಚಿಗೆ ಬರುವ ಕರಿಯರ ಸಂಖ್ಯೆ ಹೆಚ್ಚಿದಂತೆ ಅವರನ್ನು ಮೊದಲು ತಮ್ಮ ಮಾಮೂಲು ಪೀಠಗಳಿಂದ ಎಬ್ಬಿಸಿ ಗೋಡೆಯ ಪಕ್ಕಕ್ಕೆ ಸರಿಸಿದರು. ಆಮೇಲೆ ಕಟ್ಟಡವನ್ನು ದೊಡ್ಡದು ಮಾಡಿ ಮೇಲೆ ಗ್ಯಾಲರಿ ಹಾಕಿದರು. ಆ ಗ್ಯಾಲರಿಗೆ, ಅದರ ನೆಲಹಾಸಿಗೆ, ಕರಿಯರೂ ಹಣ ಕೊಟ್ಟಿದ್ದರು, ಮೈಮುರಿದು ದುಡಿದೂ ಇದ್ದರು. ಕೆಲಸ ಮುಗಿದು ಚರ್ಚು ತೆರೆದ ಭಾನುವಾರ ಬಾಗಿಲಲ್ಲಿ ನಿಂತವನು ಅವರಿಗೆ ಮೇಲೆ ಹೋಗುವಂತೆ ಹೇಳಿದನು. ಹೋದರು. ತಾವು ಹಿಂದೆ ಕೂಡುತ್ತಿದ್ದ ಸ್ಥಳಕ್ಕೆ ಸರಿಯಾಗಿ ಮೇಲಿದ್ದ ಪೀಠಗಳಲ್ಲಿ ಕುಳಿತರು. ಪ್ರಾರ್ಥನೆ ಆರಂಭವಾಯಿತು, ಮೊಣಕಾಲೂರಿದರು. ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೆ ತಳ್ಳಾಟದ ಸದ್ದು. ಅಲೆನ್ನನು ತಲೆಯೆತ್ತಿ ನೋಡಿದರೆ ಚರ್ಚಿನ ಧರ್ಮದರ್ಶಿಯೊಬ್ಬನು ಆಬ್ಸಲಮ್ ಜೋನ್ಸನನ್ನು ತೋಳು ಹಿಡಿದು ಮೇಲಕ್ಕೆ ಎಳೆಯುತ್ತಿದ್ದಾನೆ, ಇಲ್ಲಿ ಮೊಣಕಾಲೂರಬಾರದೆಂದು. ಪ್ರಾರ್ಥನೆ ಮುಗಿಯುವವರೆಗೆ ತಾಳಿರೆಂದು ಜೋನ್ಸನು ಬೇಡಿದನು. ಅವನು ತಾಳಲೊಲ್ಲ, ಇನ್ನೊಬ್ಬನನ್ನು ಸನ್ನೆ ಮಾಡಿ ಕರೆದನು. ಅಷ್ಟರಲ್ಲಿ ಪ್ರಾರ್ಥನೆ ಮುಗಿಯಿತು. ಕರಿಯರೆಲ್ಲರೂ ಒಟ್ಟಿಗೆ ಎದ್ದು ಹೊರಕ್ಕೆ ನಡೆದರು. ಆ ಚರ್ಚಿಗೆ ಅವರು ಮತ್ತೆ ಕಾಲಿಡಲಿಲ್ಲ. ಇದು ನಡೆದದ್ದು 1787ರಲ್ಲಿ ಎಂಬಂತೆ ಅಲೆನ್ನನ ನೆನಪು. ಗ್ಯಾಲರಿ ಕಟ್ಟಿದ ಲೆಕ್ಕಪತ್ರಗಳನ್ನು ನೋಡಿದ ಈಚಿನ ಚರಿತ್ರಕಾರರು 1792ರ ಸುಮಾರೆನ್ನುತ್ತಾರೆ.

ಇಲ್ಲಿ ಒಂದು ಮಾತನ್ನು ಹೇಳಿಕೊಳ್ಳಲು ಓದುಗರು ಅಪ್ಪಣೆ ಕೊಡಬೇಕು. ನಮ್ಮ ತಾತ ಅಕ್ಷರ ಅರಿಯದವರು. ನಮ್ಮೂರ ಗುಡಿಯ ಪೌಳಿ ಕಟ್ಟುವಾಗ ಕಲ್ಲು ಹೊತ್ತವರಲ್ಲಿ ತಾವೂ ಒಬ್ಬರೆಂದು ಹೇಳುತ್ತಿದ್ದರು. ಯಾವ ಕಲ್ಲು ತಾವು ಹೊತ್ತದ್ದೆಂಬುದನ್ನೂ ತೋರಿಸುತ್ತಿದ್ದರು, ಬೀದಿಯ ಆಚೆ ಬದಿಯಲ್ಲಿ ನಿಂತು. ಗ್ಯಾಲರಿಯ ಈ ಪ್ರಸಂಗವನ್ನು ಓದಿದಾಗ ಆ ಬೆರಳು ನೆನಪಾಯಿತು.

ಹೊರಗೆ ಬಂದದ್ದು ಒಂದು ಗಳಿಗೆಯ ಕೆಲಸ. ಇನ್ನು ಕೂಡುವುದೆಲ್ಲಿ? ಒಂದು ಸಾಮಾನಿನ ಕೋಠಿಯನ್ನು ಬಾಡಿಗೆಗೆ ಹಿಡಿದು ಅಲ್ಲಿ ತಾವೇ ಆರಾಧನೆ ನಡೆಸತೊಡಗಿದರು. ಹಣ ಎತ್ತುವುದನ್ನು ನಿಲ್ಲಿಸದಿದ್ದರೆ ಪಂಥದಿಂದಲೇ ಹೊರಹಾಕುತ್ತೇವೆಂದು ಮೆಥೊಡಿಸ್ಟ್ ಹಿರಿಯರು ಬೆದರಿಸಿದರು. ಇವರು ನಿಲ್ಲಿಸಲಿಲ್ಲ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬನಾದ ವೈದ್ಯ ಬೆಂಜಮಿನ್ ರಷ್ ಮತ್ತು ವರ್ತಕ ರಾಬರ್ಟ್ ರಾಲ್ಸ್ಟನ್ ಇವರ ಬೆಂಬಲಕ್ಕೆ ನಿಂತರು. ವಂತಿಗೆಯ ಪಟ್ಟಿ ಹಿಡಿದು ಅಲೆನ್ನನೂ ಜೋನ್ಸನೂ ಹೊರಟ ಮೊದಲ ದಿನವೇ 360 ಡಾಲರು ಕೂಡಿತು. ಮುಂದೆ ಯಾವ ದಿನವೂ ಅಷ್ಟು ಕೂಡಲಿಲ್ಲವೆಂಬುದನ್ನೂ ಅಲೆನ್ನನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಸಮಿತಿಯವರ ಮಾತಿನ ಮೇಲೆ ಆರನೆಯ ಬೀದಿಯಲ್ಲಿ ಒಂದು ನಿವೇಶನಕ್ಕೆ ಅವನು ಒಪ್ಪಂದ ಮಾಡಿಕೊಂಡು ಬಂದನು. ಅಷ್ಟರಲ್ಲಿ ಸಮಿತಿಗೆ ಐದನೆಯ ಬೀದಿಯ ಬೇರೊಂದು ನಿವೇಶನ ಹಿಡಿಸಿತು. ಕೊಟ್ಟ ಮಾತಿಗೆ ತಪ್ಪಲಾರದೆ ಅಲೆನ್ನನು ಆರನೆಯ ಬೀದಿಯ ಜಾಗವನ್ನು ತನ್ನ ಹೆಸರಿಗೇ ಇಟ್ಟುಕೊಂಡನು. ಈ ಜಾಗವನ್ನು ಓದುಗರು ನೆನಪಿಡಬೇಕು.

1793ರಲ್ಲಿ ಐದನೆಯ ಬೀದಿಯಲ್ಲಿ ಪಾಯ ತೋಡಿದಾಗ ಮೊದಲ ಗುದ್ದಲಿ ಹಾಕಿದವನು ಅಲೆನ್ನನೇ. ಆಗಸ್ಟ್ ತಿಂಗಳಲ್ಲಿ ಮಾಡು ಏರಿತು. ಆ ದಿನ ಊರ ಹೊರಗಿನ ಮರಗಳ ನೆರಳಿನಲ್ಲಿ ಒಂದು ಔತಣ. ಸುಮಾರು ನೂರು ಮಂದಿ ಬಿಳಿಯ ಬಡಗಿಗಳೂ ಕೆಲಸಗಾರರೂ ಉಂಡರು, ಕರಿಯರು ಬಡಿಸಿದರು. ಆಮೇಲೆ ಕರಿಯರು ಕುಳಿತರು; ಈ ಸಲ ಬಡಿಸಿದವರು ಬಿಳಿಯರು. ಆ ಕಾಲದ ಅಮೆರಿಕದಲ್ಲಿ ಇಂಥ ಊಟ ಎಷ್ಟು ನಡೆದಿದ್ದೀತು!

ಅದೇ ತಿಂಗಳು ನಗರಕ್ಕೆ ಹಳದಿ ಜ್ವರ ಹೊಕ್ಕಿತು. ಸುಮಾರು ಐವತ್ತು ಸಾವಿರ ಜನರ ಊರಿನಲ್ಲಿ ಚಳಿಗಾಲ ಬರುವಷ್ಟರಲ್ಲಿ ಸುಮಾರು ಐದು ಸಾವಿರ ಮಂದಿ ಸತ್ತರು. ಉಳ್ಳವರು ಹಳ್ಳಿಗಳಿಗೆ ಓಡಿದರು. ರಾಷ್ಟ್ರಾಧ್ಯಕ್ಷ ವಾಷಿಂಗ್ಟನ್ನನೂ ಊರು ಬಿಟ್ಟನು. ಕರಿಯರಿಗೆ ಈ ಜ್ವರ ತಗಲುವುದಿಲ್ಲವೆಂದು ರಷ್ ನಂಬಿದ್ದನು. ಅವರು ಬಂದು ರೋಗಿಗಳ ಶುಶ್ರೂಷೆ ಮಾಡಬೇಕೆಂದು ಕೇಳಿಕೊಂಡನು. ಅವನ ನಂಬಿಕೆ ತಪ್ಪು. ಸೊಳ್ಳೆಯಿಂದ ಹರಡುವ ಈ ರೋಗ ಅವರನ್ನೂ ಬಿಡಲಿಲ್ಲ. 1792ರಲ್ಲಿ ಆ ಊರಿನಲ್ಲಿ ಹೂಳಿದ ಕರಿಯರು 67, 1793ರಲ್ಲಿ 305 ಎಂದು ಲೆಕ್ಕ. ಅಲೆನ್ನನೂ ಜೋನ್ಸನೂ ತಮ್ಮ ಜನರನ್ನು ಕೂಡಿಸಿಕೊಂಡು ಮನೆಮನೆ ಹೊಕ್ಕರು. ಹೆಂಡತಿ ಗಂಡನನ್ನೂ ಗಂಡ ಹೆಂಡತಿಯನ್ನೂ ಬಿಟ್ಟು ಓಡಿದ ಮನೆಗಳು. ನೀರು ಕುಡಿಸಿದರು, ರಷ್ ಹೇಳಿಕೊಟ್ಟಂತೆ ಔಷಧ ಕೊಟ್ಟರು, ಸತ್ತವರನ್ನು ಹೊತ್ತು ಹೂಳಿದರು. ಅಲೆನ್ನನಿಗೂ ಜ್ವರ ಬಂದು ಬದುಕಿದ್ದೇ ಹೆಚ್ಚಾಯಿತು. ಇಷ್ಟಾದ ಮೇಲೆ ಮ್ಯಾಥ್ಯೂ ಕೇರಿ ಎಂಬ ಮುದ್ರಣಕಾರನು ಜ್ವರದ ಮೇಲೆ ಪುಸ್ತಕ ಬರೆದು, ಕೆಲವು ಕರಿಯ ದಾದಿಯರು ಸುಲಿಗೆ ಮಾಡಿದರು, ಕದ್ದರು ಎಂದು ಅಚ್ಚುಹಾಕಿದನು. ಪುಸ್ತಕ ಬಿಸಿಬಿಸಿಯಾಗಿ ಮಾರಾಟವಾಯಿತು. ಅದರಲ್ಲಿ ಅಲೆನ್ ಜೋನ್ಸರಿಗೆ ಹೊಗಳಿಕೆಯೇ ಇತ್ತು. ತಮ್ಮಿಬ್ಬರ ಹೊಗಳಿಕೆಯಿಂದ ಅವರು ಸುಮ್ಮನಾಗಬಹುದಾಗಿತ್ತು. ಆಗಲಿಲ್ಲ. 1794ರಲ್ಲಿ ಇಬ್ಬರೂ ಸೇರಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದರು. ಬಂದ ಹಣವೆಷ್ಟು, ಹೆಣ ಹೊರುವ ಆಳುಗಳಿಗೆ ಕೊಟ್ಟದ್ದೆಷ್ಟು, ತಮ್ಮ ಕೈಯಿಂದ ಹೋದದ್ದೆಷ್ಟು ಎಂದು ಪೌಂಡು ಶಿಲ್ಲಿಂಗುಗಳಲ್ಲಿ ಲೆಕ್ಕವಿಟ್ಟರು. ಅವರಿಗೆ ಆದ ನಷ್ಟ 177 ಪೌಂಡಿಗೂ ಮೇಲೆ. ಬಿಳಿಯರು ಮಾಡಿದ ಕಳವುಗಳನ್ನೂ ಕಾಸು ಮುಟ್ಟದೆ ದುಡಿದ ಬಡ ಕರಿಯರ ಸಂಗತಿಗಳನ್ನೂ ಬಿಡಿಬಿಡಿಯಾಗಿ ಹೇಳಿದರು. ಆ ದೇಶದಲ್ಲಿ ಕರಿಯ ಲೇಖಕರು ಹಕ್ಕುಸ್ವಾಮ್ಯ ಪಡೆದು ಪ್ರಕಟಿಸಿದ ಮೊದಲ ಹೊತ್ತಗೆ ಇದೆನ್ನುತ್ತಾರೆ.

ಹೊಸ ದೇವಾಲಯ ಸಿದ್ಧವಾಗುತ್ತ ಬಂದಾಗ ಅದು ಯಾವ ಪಂಥಕ್ಕೆ ಸೇರಬೇಕೆಂಬ ಪ್ರಶ್ನೆ ಎದ್ದಿತು. ಮತ ಹಾಕಿದರು. ಬಹುಮಂದಿ ಇಂಗ್ಲೆಂಡಿನ ಚರ್ಚಿನ ಸಂಪ್ರದಾಯದ ಎಪಿಸ್ಕೋಪಲ್ ಪಂಥವನ್ನು ಆರಿಸಿದರು. ಮೆಥೊಡಿಸ್ಟರಾಗಿಯೇ ಇರೋಣವೆಂದವರು ಇಬ್ಬರೇ, ಅಲೆನ್ ಮತ್ತು ಜೋನ್ಸ್. ಆದರೂ ಸಭೆಯವರು ಅಲೆನ್ನನನ್ನೇ ತಮ್ಮ ಪಾಲಕನಾಗಬೇಕೆಂದು ಕೇಳಿದರು. ತಾನು ಮೆಥೊಡಿಸ್ಟನಲ್ಲದೆ ಬೇರೇನೂ ಆಗಲಾರೆನೆಂದು ಅವನು ಒಲ್ಲೆನೆಂದನು. ಜೋನ್ಸನು ಒಪ್ಪಿಕೊಂಡನು, ಸೇಂಟ್ ಥಾಮಸ್ ಎಂಬ ಆ ದೇವಾಲಯ 1794ರ ಜುಲೈ 17ರಂದು ತೆರೆಯಿತು. ಇದು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ತೋಳು ಹಿಡಿದು ಎಳೆದದ್ದು ಮೆಥೊಡಿಸ್ಟರ ಚರ್ಚಿನಲ್ಲಿ. ತಾನು ಗುದ್ದಲಿ ಹಾಕಿದ ಪಾಯದ ಮೇಲೆ ಎದ್ದ ದೇವಾಲಯ, ಅದರ ಪೀಠ, ಗೌರವ, ಸಂಬಳ ಎಲ್ಲವೂ ಕೈಗೆ ಬಂದಿದ್ದವು. ಆದರೆ ಅಕ್ಷರ ಅರಿಯದವರಿಗೂ ಸಲ್ಲುವ ಸರಳ ಬೋಧೆಯೇ ತನ್ನ ಜನಕ್ಕೆ ತಕ್ಕದ್ದೆಂದು ಅವನು ನಂಬಿದ್ದನು. ಎಳೆದಾಡಿದವರು ಮನುಷ್ಯರು, ಅವರ ತಪ್ಪಿಗೆ ತನ್ನ ನಂಬಿಕೆಯನ್ನು ಬಿಡಲು ಅವನು ಸಿದ್ಧನಿರಲಿಲ್ಲ.

ಆಗ ಆರನೆಯ ಬೀದಿಯ ನಿವೇಶನ ನೆನಪಾಯಿತು. ಕಮ್ಮಾರನೊಬ್ಬನು ಹಿಂದೆ ಕುಲುಮೆ ನಡೆಸುತ್ತಿದ್ದ ಒಂದು ಹಳೆಯ ಮರದ ಮನೆಯನ್ನು ಅಲೆನ್ನನು ಕೊಂಡನು. ತನ್ನ ಕುದುರೆಗಳನ್ನೇ ಹೂಡಿ ಅದನ್ನು ಇಡಿಯಾಗಿ ಎಳೆಸಿ ತಂದು ಆ ನಿವೇಶನದಲ್ಲಿ ನಿಲ್ಲಿಸಿದನು. ಬಡಗಿಗಳನ್ನು ಹಚ್ಚಿ ರಿಪೇರಿ ಮಾಡಿಸಿದನು. ಅದೇ ಜುಲೈ ತಿಂಗಳ ಕೊನೆಯಲ್ಲಿ ಬಿಷಪ್ ಆಸ್ಬರಿ ಬಂದು ಅದನ್ನು ಆರಾಧನೆಗೆ ತೆರೆದನು. 'ದೇವರ ಮನೆ' ಎಂಬರ್ಥದ ಬೇತೇಲ್ ಎಂಬ ಹೆಸರು ಅದಕ್ಕೆ ಬಂದಿತು. ಕುಲುಮೆಯ ಮಸಿ ಹತ್ತಿದ ತೊಲೆಗಳ ಕೆಳಗೆ ಕೂತ ಮೊದಲ ಸಭೆಯಲ್ಲಿ ಅಗಸಗಿತ್ತಿಯರು, ಕೂಲಿಗಳು, ಚಿಮಣಿ ಗುಡಿಸುವವರು, ನಿನ್ನೆಯವರೆಗೆ ಗುಲಾಮರಾಗಿದ್ದವರು.

ಇಲ್ಲಿಗೆ ಕಥೆ ಮುಗಿಯಿತೆಂದು ಓದುವವರಿಗೆ ಅನ್ನಿಸಬಹುದು. ನನಗೂ ಹಾಗೆನಿಸಿತ್ತು. ನಿಜವಾದ ಕಷ್ಟ ಶುರುವಾದದ್ದು ಇಲ್ಲಿಂದ, ಅದೂ ಒಂದು ಕಾಗದದಿಂದ. 1796ರಲ್ಲಿ ಸಭೆಯನ್ನು ಕಾನೂನಿನ ಪ್ರಕಾರ ನೋಂದಾಯಿಸಬೇಕಾಗಿ ಬಂದಾಗ ಎಜಿಕಿಯಲ್ ಕೂಪರ್ ಎಂಬ ಬಿಳಿಯ ಬೋಧಕನು ನಿಬಂಧನೆಗಳನ್ನು ಬರೆದುಕೊಟ್ಟನು. ವಕೀಲನಿಗೆ ಕೊಡುವ ಹಣ ಉಳಿಯಿತೆಂದು ಇವರು ನಂಬಿ ಸಹಿ ಹಾಕಿದರು. ದೇವಾಲಯದ ಆಸ್ತಿ ಕರಿಯರ ಸಭೆಗೆ ಸೇರದೆ ಮೆಥೊಡಿಸ್ಟ್ ಮಹಾಸಭೆಯ ಕೈಗೆ ಹೋಗುವಂತೆ ಆ ಬರಹವಿತ್ತು. ಸುಮಾರು ಹತ್ತು ವರ್ಷ ಇದು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಜೇಮ್ಸ್ ಸ್ಮಿತ್ ಎಂಬ ಹಿರಿಯ ಬೋಧಕನು ಬಂದು ದೇವಾಲಯದ ಬೀಗದ ಕೈಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಕೇಳಿದನು. ತನ್ನ ಅಪ್ಪಣೆಯಿಲ್ಲದೆ ಅಲ್ಲಿ ಕೂಟ ನಡೆಸಕೂಡದೆಂದನು. ಬೆವರಿನ ಕಾಸಿನಿಂದ ಕೊಂಡ ನೆಲ, ತಾವು ಎಳೆದು ತಂದ ಮನೆ. ಬೀಗದ ಕೈ ಇನ್ನೊಬ್ಬರಿಗೆ! ಸಹಿ ಹಾಕುವ ಮೊದಲು ಕಾಗದ ಓದಿಸಿ ಕೇಳಬೇಕೆಂಬುದು ನಮ್ಮಂಥ ಮನೆಗಳಲ್ಲಿ ಹೊಲ ಕಳೆದುಕೊಂಡ ಮೇಲೆಯೇ ತಿಳಿಯುವ ಪಾಠ. ಅಲೆನ್ನನು ಈ ಸಲ ವಕೀಲನ ಬಳಿಗೆ ಹೋದನು. ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಿದರೆ ನಿಬಂಧನೆಯನ್ನು ತಿದ್ದಬಹುದೆಂದು ಉತ್ತರ ಬಂದಿತು. ಸಭೆ ಕರೆದರು, ಎಲ್ಲರೂ ಒಮ್ಮತದಿಂದ ಒಪ್ಪಿದರು. 1807ರ ಆ ತಿದ್ದುಪಡಿಗೆ 'ಆಫ್ರಿಕನ್ ಪೂರಕ' ಎಂದು ಹೆಸರು.

ಬೀಗದ ಕೈ ಉಳಿಯಿತು, ಜಗಳ ಉಳಿಯಿತು. ಬೇತೇಲಿಗೆ ಬಂದು ಬೋಧಿಸಲು ವರ್ಷಕ್ಕೆ 600 ಡಾಲರು ಕೊಡಬೇಕೆಂದು ಬಿಳಿಯ ಹಿರಿಯರು ಕೇಳಿದರು. ಆಗದೆಂದಾಗ 400ಕ್ಕೆ ಇಳಿದರು. ಸಭೆಯವರು 200ಕ್ಕಿಂತ ಮೇಲೆ ಹೋಗಲಿಲ್ಲ. ಕೊಟ್ಟ ಹಣಕ್ಕೆ ವರ್ಷದಲ್ಲಿ ಬೆರಳೆಣಿಕೆಯ ಪ್ರಸಂಗಗಳು. ಈ ನಡುವೆ ಸಭೆ ಬೆಳೆದು ಸಾವಿರ ಮೀರಿತು. ಕುಲುಮೆಯ ಮನೆ ಸಾಲದೆ 1805ರಲ್ಲಿ ದೊಡ್ಡ ಕಟ್ಟಡ ಎದ್ದಿತ್ತು. 1815ರಲ್ಲಿ ವ್ಯಾಜ್ಯಗಳ ನಡುವೆ ದೇವಾಲಯವೇ ಹರಾಜಿಗೆ ಬಂದಿತು. ಅಲೆನ್ನನು ಹರಾಜಿನಲ್ಲಿ ನಿಂತು ಕೂಗಿದನು. ತಾನು ಕಟ್ಟಿದ್ದನ್ನು ತಾನೇ ಮತ್ತೆ ಕೊಂಡನು. ಬೆಲೆ ಹತ್ತು ಸಾವಿರ ಡಾಲರಿಗೂ ಮೇಲೆ. ಒಮ್ಮೆ 2000 ಡಾಲರಿಗೆ ತನ್ನ ಮೈಯನ್ನು ಕೊಂಡುಕೊಂಡಿದ್ದವನು ಈಗ ತನ್ನ ಸಭೆಯ ನೆಲವನ್ನು ಕೊಂಡನು. ಆ ವರ್ಷದ ಡಿಸೆಂಬರ್ 31ರಂದು ರಾಬರ್ಟ್ ಬರ್ಚ್ ಎಂಬ ಹಿರಿಯ ಬೋಧಕನು, ಅಧಿಕಾರ ತನ್ನದೆಂದು ತೋರಿಸಲು ಬೇತೇಲಿಗೆ ಪ್ರಸಂಗ ಮಾಡಲು ಬಂದನು. ಜನ ಗಲಭೆ ಮಾಡಲಿಲ್ಲ, ಕೈಯೆತ್ತಲಿಲ್ಲ. ಪೀಠಕ್ಕೆ ಹೋಗುವ ದಾರಿಯ ತುಂಬ ಒತ್ತೊತ್ತಾಗಿ ನಿಂತುಬಿಟ್ಟರು. ಅವನು ಮುಂದೆ ಸಾಗಲಾರದೆ ಹಿಂದಿರುಗಿದನು. ನ್ಯಾಯಾಲಯಕ್ಕೆ ಹೋದನು. ಬೇತೇಲಿನ ಪೀಠವನ್ನು ಅವನಿಗೆ ಬಿಟ್ಟುಕೊಡಿಸಲು ಪೆನ್ಸಿಲ್ವೇನಿಯದ ಸರ್ವೋಚ್ಚ ನ್ಯಾಯಾಲಯವು 1816ರ ಆರಂಭದಲ್ಲಿ ಒಪ್ಪಲಿಲ್ಲ. ಗ್ಯಾಲರಿಯಿಂದ ಎಬ್ಬಿಸಿದ ದಿನಕ್ಕೂ ಈ ದಿನಕ್ಕೂ ನಡುವೆ ಎರಡು ದಶಕಗಳಿಗೂ ಹೆಚ್ಚು ಕಾಲ ಕಳೆದಿತ್ತು. ಅಂದು ಹೊರನಡೆದ ತರುಣರ ಕೂದಲು ನರೆತಿತ್ತು.

ಆ ಏಪ್ರಿಲ್ ತಿಂಗಳಲ್ಲಿ ಫಿಲಡೆಲ್ಫಿಯ, ಬಾಲ್ಟಿಮೋರ್ ಮತ್ತು ಸುತ್ತಣ ಊರುಗಳ ಕರಿಯ ಮೆಥೊಡಿಸ್ಟ್ ಸಭೆಗಳ ಪ್ರತಿನಿಧಿಗಳು ಕೂಡಿದರು. ಅವರಿಗೂ ಇದೇ ಬಗೆಯ ಅನುಭವಗಳೇ ಆಗಿದ್ದವು. ಎಲ್ಲರೂ ಒಂದಾಗಿ 'ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಚರ್ಚ್' ಎಂಬ ಸ್ವತಂತ್ರ ಚರ್ಚನ್ನು ಸ್ಥಾಪಿಸಿದರು. ಮೊದಲು ಬಿಷಪ್ಪನಾಗಿ ಆಯ್ಕೆಯಾದವನು ಬಾಲ್ಟಿಮೋರಿನ ಡೇನಿಯಲ್ ಕೋಕರ್. ಅವನು ಪದವಿಯನ್ನು ಬಿಟ್ಟುಕೊಟ್ಟ ಮೇಲೆ ಏಪ್ರಿಲ್ 11ರಂದು ಅಲೆನ್ನನಿಗೆ ಅಭಿಷೇಕವಾಯಿತು. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ಐವರಲ್ಲಿ ಆಬ್ಸಲಮ್ ಜೋನ್ಸನೂ ಒಬ್ಬ. ಅವನು ಬೇರೆ ಪಂಥದ ಪಾದ್ರಿ; ಆದರೆ ಆ ಭಾನುವಾರ ತೋಳು ಹಿಡಿಸಿಕೊಂಡು ಎಳೆಸಿಕೊಂಡವನು ಅವನೇ ಅಲ್ಲವೆ?

ಬಿಷಪ್ಪನಾದ ಮೇಲೆ ಅಲೆನ್ನನು ಎಲ್ಲದರಲ್ಲಿಯೂ ಸರಿಯಾಗಿದ್ದನೆಂದಲ್ಲ. ಜರೀನಾ ಲೀ ಎಂಬ ಹೆಂಗಸು ತನಗೆ ಬೋಧಿಸುವ ಕರೆ ಬಂದಿದೆಯೆಂದು ಹಿಂದೆಯೇ ಬಂದು ಕೇಳಿದ್ದಳು. ಹೆಂಗಸರ ಪ್ರಸಂಗಕ್ಕೆ ನಿಯಮದಲ್ಲಿ ಅವಕಾಶವಿಲ್ಲವೆಂದು ಅವನು ಕಳುಹಿಸಿಬಿಟ್ಟನು. ಜಾಗವಿಲ್ಲವೆಂದು ಎಬ್ಬಿಸಿಕೊಂಡವನ ಬಾಯಲ್ಲಿಯೂ ಅದೇ ಮಾತು! ವರ್ಷಗಳಾದ ಮೇಲೆ, ಒಂದು ದಿನ ಬೇತೇಲಿನಲ್ಲಿ ಬೋಧಕನು ತಡವರಿಸಿ ನಿಂತಾಗ ಆಕೆ ಎದ್ದು ಮಾತನಾಡಿದಳು. ತನ್ನನ್ನು ಹೊರಗೆ ಹಾಕುತ್ತಾರೆಂದು ಹೆದರಿಯೇ ಕುಳಿತುಕೊಂಡಳು. ಅಲೆನ್ನನು ಎದ್ದು, ಈಕೆ ಹಿಂದೆ ತನ್ನ ಬಳಿಗೆ ಬಂದಿದ್ದಳೆಂದೂ ಈಕೆಯ ಕರೆ ನಿಜವೆಂದೂ ಎಲ್ಲರೆದುರು ಒಪ್ಪಿಕೊಂಡನು. ಇನ್ನೊಂದು ಸಲ ಅವನನ್ನು ತಿದ್ದಿದವರು ಸಭೆಯವರೇ. ಸ್ವತಂತ್ರ ಕರಿಯರನ್ನು ಆಫ್ರಿಕಕ್ಕೆ ಸಾಗಿಸಬೇಕೆಂದು 1816ರ ಕೊನೆಯಲ್ಲಿ ದೊಡ್ಡ ಮನುಷ್ಯರು ಒಂದು ಸಂಘ ಮಾಡಿದರು. ಅಲೆನ್ನನಿಗೂ ಹಾಯಿಬಟ್ಟೆಯ ಕಾರಖಾನೆಯ ಒಡೆಯನಾದ ಜೇಮ್ಸ್ ಫೋರ್ಟನ್ನನಿಗೂ ಮೊದಮೊದಲು ಇದರ ಕಡೆ ಒಲವಿತ್ತು. 1817ರ ಜನವರಿಯಲ್ಲಿ ಬೇತೇಲಿನಲ್ಲಿ ಸುಮಾರು ಮೂರು ಸಾವಿರ ಜನ ಕಿಕ್ಕಿರಿದರು. ಹೋಗುವುದು ಬೇಕೆನ್ನುವವರು ಯಾರೆಂದು ಕೇಳಿದಾಗ ಒಂದು ಸ್ವರವೂ ಏಳಲಿಲ್ಲ. ಬೇಡವೆನ್ನುವವರು ಯಾರೆಂದಾಗ ಗೋಡೆಗಳು ಅದುರುವಂತೆ ಒಂದೇ ಕೂಗು. ಆಮೇಲೆ ಅಲೆನ್ನನು ಆ ಜನದ ಹಿಂದೆಯೇ ನಡೆದನು.

ಸ್ವತಂತ್ರನೆಂಬುದು ಎಷ್ಟು ತೆಳ್ಳಗಿನ ಮಾತೆಂಬುದಕ್ಕೆ ಒಂದು ಸಂಗತಿ. ನಗರಕ್ಕೆ ಬಂದು ಇಪ್ಪತ್ತು ವರ್ಷ ಕಳೆದ ಮೇಲೆ, ದಕ್ಷಿಣದ ಗುಲಾಮ ವ್ಯಾಪಾರಿಯೊಬ್ಬನು ಅಲೆನ್ನನೇ ನಾಲ್ಕೈದು ವರ್ಷಗಳ ಹಿಂದೆ ಓಡಿಹೋದ ಗುಲಾಮನೆಂದು ಪ್ರಮಾಣ ಮಾಡಿ ಹಿಡಿಸಲು ಬಂದನು. ಊರಿಗೆಲ್ಲ ಗೊತ್ತಿದ್ದ ಮನುಷ್ಯನಾದ್ದರಿಂದ ಅಲೆನ್ನನು ಉಳಿದನು. ವ್ಯಾಪಾರಿಯೇ ಸೆರೆಗೆ ಹೋದನು. ಮೂರು ತಿಂಗಳ ಮೇಲೆ ಅಲೆನ್ನನೇ ಅವನನ್ನು ಬಿಡಿಸಿದನು. ಊರಿಗೆ ಗೊತ್ತಿಲ್ಲದವರ ಗತಿಯೇನೆಂಬುದನ್ನು ಅವನು ಬಲ್ಲನು. ಓಡಿಬಂದವರಿಗೆ ಅವನ ಮನೆಯಲ್ಲಿಯೂ ಬೇತೇಲಿನಲ್ಲಿಯೂ ಆಶ್ರಯವಿತ್ತು.

ಅಲೆನ್ನನು ತೀರಿಕೊಂಡದ್ದು 1831ರ ಮಾರ್ಚ್ 26ರಂದು. ಆರನೆಯ ಬೀದಿಯ ಅದೇ ನಿವೇಶನದಲ್ಲಿ ಈಗಿರುವುದು ನಾಲ್ಕನೆಯ ಕಟ್ಟಡ, 1890ರ ಸುಮಾರಿನದು. ಆ ದೇಶದಲ್ಲಿ ಕರಿಯರ ಒಡೆತನದಿಂದ ಒಮ್ಮೆಯೂ ತಪ್ಪದೆ ಬಂದಿರುವ ನೆಲದ ತುಂಡುಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದೆಂದು ಹೇಳುತ್ತಾರೆ. ಅವನ ಸಮಾಧಿ ಆ ದೇವಾಲಯದ ನೆಲಮಾಳಿಗೆಯಲ್ಲಿದೆ.

ಅವನ ಪಕ್ಕದಲ್ಲಿ ಹೆಂಡತಿ ಸಾರಾಳ ಸಮಾಧಿ. ಮೊದಲ ಹೆಂಡತಿ ಫ್ಲೋರಾ 1801ರಲ್ಲಿ ತೀರಿಕೊಂಡ ಮೇಲೆ ಅವನ ಕೈಹಿಡಿದವಳು ಈಕೆ. ವರ್ಜೀನಿಯದಲ್ಲಿ ಗುಲಾಮಳಾಗಿ ಹುಟ್ಟಿದವಳು. ಜ್ವರದ ವರ್ಷ ಕಾಸು ಮುಟ್ಟದೆ ಮನೆಮನೆಯಲ್ಲಿ ಶುಶ್ರೂಷೆ ಮಾಡಿದ ಬಡ ವಿಧವೆಯೆಂದು ಆ ಕಿರುಹೊತ್ತಗೆಯಲ್ಲಿ ಹೆಸರು ಬಂದಿರುವ ಸಾರಾ ಬಾಸ್ ಈಕೆಯೇ. ಹೊಸ ಚರ್ಚಿನ ಬೋಧಕರು ದೂರದೂರದ ಊರುಗಳಿಂದ ನಡೆದು ಮಹಾಸಭೆಗೆ ಬಂದಾಗ ಅವರ ಅಂಗಿಗಳ ಮೊಣಕೈ ಹರಿದಿರುವುದನ್ನು ಈಕೆ ಕಂಡಳು. ಸಭೆಯ ಹೆಂಗಸರನ್ನು ಕರೆದಳು. ಎಲ್ಲರೂ ಸೂಜಿದಾರ ತಂದು ಕುಳಿತು ಆ ಬಟ್ಟೆಗಳಿಗೆ ತೇಪೆ ಹಾಕಿದರು. ತೇಪೆ ತಾಳದವರಿಗೆ ಹೊಸದನ್ನೇ ಹೊಲಿದುಕೊಟ್ಟರು.